ಕಣ್ಣಿಗೆ ಕಾಣದ ಪದರಕ್ಕೆ ಸಾರ್ವಜನಿಕ ಹಣವೇಕೆ?

ಪ್ರಶ್ನೆ: ತೆಳುಪದರ, ನ್ಯಾನೋವಸ್ತು ಎಂಬ ಮಾತುಗಳನ್ನು ಆಗಾಗ ಓದುತ್ತಿರುತ್ತೇನೆ. ತೆಳು ಎಂದರೆ ಎಷ್ಟು ತೆಳು? ಅಷ್ಟು ತೆಳುವಾದಾಗ ವಸ್ತುವಿನಲ್ಲಿ ಬದಲಾಗುವುದಾದರೂ ಏನು?

ಉತ್ತರ: ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲೊಂದು ಭಾಗ ಒಂದು ನ್ಯಾನೋಮೀಟರು. ತಲೆಗೂದಲಿನ ದಪ್ಪ ಹೆಚ್ಚುಕಡಿಮೆ 80,000 ನ್ಯಾನೋಮೀಟರು. ಬೇರೊಂದು ಗಟ್ಟಿ ಮೇಲ್ಮೈಯನ್ನು ಆತುಕೊಂಡು ನಿಂತಿರುವ, ಒಂದೆರಡು ಪರಮಾಣುಗಳ ದಪ್ಪದಿಂದ ಹಿಡಿದು ಕೆಲವು ಸಾವಿರ ನ್ಯಾನೋಮೀಟರಿನವರೆಗಿನ ಪದರವನ್ನು ತೆಳುಪದರ ಎನ್ನುತ್ತೇವೆ. ಉದ್ದ, ಅಗಲ, ದಪ್ಪಗಳಲ್ಲಿ ಒಂದಾದರೂ ಸುಮಾರು 100 ನ್ಯಾನೋಮೀಟರಿನೊಳಗೆ ಇರುವ ವಸ್ತು ನ್ಯಾನೋವಸ್ತು.

ಇದನ್ನು ನೋಡಲು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ಕ್ಯಾಮೆರಾದ ಲೆನ್ಸನ್ನು ದೀಪದ ಕೆಳಗೆ ಸ್ವಲ್ಪ ಓರೆಯಾಗಿ ಹಿಡಿದರೆ ಗಾಜಿನ ಮೇಲೆ ನೇರಳೆ ಛಾಯೆಯೊಂದು ತೇಲಿದಂತೆ ಕಾಣುತ್ತದೆ. ಬರಿಯ ಗಾಜು ತನ್ನ ಒಂದೊಂದು ಮೈಯಿಂದ ಬೆಳಕಿನ ಶೇಕಡಾ 4ರಷ್ಟನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಅದರ ಮೇಲೆ ಸುಮಾರು 100 ನ್ಯಾನೋಮೀಟರ್ ದಪ್ಪದ ಮೆಗ್ನೀಸಿಯಂ ಫ್ಲೋರೈಡನ್ನು ಕೂರಿಸಿದರೆ, ಪದರದ ಮೇಲ್ಮೈಯಿಂದಲೂ ತಳದಿಂದಲೂ ಮರಳುವ ಹಸಿರು ಬೆಳಕಿನ ಅಲೆಗಳು ಏರಿಗೆ ಇಳಿವು ಎದುರಾಗಿ ಒಂದನ್ನೊಂದು ಬಹುಮಟ್ಟಿಗೆ ಅಳಿಸಿಹಾಕುತ್ತವೆ. ಅಳಿಯದೆ ಉಳಿದ ಕೆಂಪು ಮತ್ತು ನೀಲಿ ಸೇರಿ ಆ ನೇರಳೆ ಕಾಣುತ್ತದೆ. ದಪ್ಪದ ಲೆಕ್ಕ ತಪ್ಪಿದರೆ ಬಣ್ಣವೂ ತಪ್ಪುತ್ತದೆ.

ಈ ಉದಾಹರಣೆಯಲ್ಲಿ ಬದಲಾದದ್ದು ಬೆಳಕಿನ ನಡೆಯಷ್ಟೇ. ದಪ್ಪ ಇನ್ನೂ ಇಳಿದು ಕೆಲವೇ ನ್ಯಾನೋಮೀಟರಿಗೆ ಬಂದಾಗ ವಸ್ತುವಿನ ಗುಣವೇ ಬದಲಾಗತೊಡಗುತ್ತದೆ. ದೊಡ್ಡ ತುಂಡಿನಲ್ಲಿ ಬಹುಪಾಲು ಪರಮಾಣುಗಳಿಗೆ ಸುತ್ತ ನೆರೆಯವರಿರುತ್ತಾರೆ, ಅಂಚಿನಲ್ಲಿರುವವು ಲೆಕ್ಕಕ್ಕಿಲ್ಲ. ಹತ್ತು ಪರಮಾಣು ದಪ್ಪದ ಪದರದಲ್ಲಿ ಹೆಚ್ಚುಕಡಿಮೆ ಎಲ್ಲ ಪರಮಾಣುಗಳೂ ಅಂಚಿಗೆ ಹತ್ತಿರದವೇ. ಹೀಗಾಗಿ ಕಾಂತೀಯತೆ, ವಿದ್ಯುತ್ ಹರಿಯುವ ರೀತಿ, ಕರಗುವ ಉಷ್ಣತೆ ಎಲ್ಲವೂ ದಪ್ಪವನ್ನು ಅವಲಂಬಿಸುತ್ತವೆ.

ಪ್ರಶ್ನೆ: ಆಗ್ನೆಸ್ ಪೋಕೆಲ್ಸ್ ಎಂಬ ಮಹಿಳೆ ಮನೆಯಲ್ಲಿಯೇ ನೀರಿನ ತೊಟ್ಟಿ ಇಟ್ಟುಕೊಂಡು ಇಂಥ ಪದರಗಳನ್ನು ಅಳೆದರು ಎಂದು ಓದಿದ್ದೇನೆ. ಅವರಿಗೆ ಯಾವ ಅನುದಾನವೂ ಇರಲಿಲ್ಲ. ಹಾಗಿರುವಾಗ ಇಂದಿನ ಪ್ರಯೋಗಾಲಯಗಳಿಗೆ ಇಷ್ಟೊಂದು ಹಣ ಏಕೆ ಬೇಕು?

ಉತ್ತರ: ಪೋಕೆಲ್ಸ್ ಅವರ ಹೆಸರನ್ನು ನೆನಪಿಸಿದ್ದಕ್ಕೆ ನಿಮಗೆ ಕೃತಜ್ಞತೆಗಳು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲದ ಜರ್ಮನಿಯಲ್ಲಿ, ಮನೆಗೆಲಸದ ನಡುವೆ, ತೊಟ್ಟಿಯ ನೀರಿನ ಮೇಲೆ ಪಟ್ಟಿಯೊಂದನ್ನು ಸರಿಸುತ್ತ ಎಣ್ಣೆಯ ಪೊರೆಯನ್ನು ಹಿಗ್ಗಿಸಿ ಕುಗ್ಗಿಸಿ ಅವರು ಮಾಡಿದ ಅಳತೆಗಳನ್ನು ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ರೇಲಿ ಮುತುವರ್ಜಿ ವಹಿಸಿ 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಮಾಡಿದರು. ಆದರೆ ಅವರಿಗೆ ಅನುದಾನ ಸಿಗದೆ ಹೋದದ್ದನ್ನು ಸಂಶೋಧನೆಗೆ ಹಣ ಬೇಡ ಎನ್ನುವುದಕ್ಕೆ ಸಾಕ್ಷಿಯಾಗಿ ಬಳಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವರಿಗೆ ಒಂದು ಪ್ರಯೋಗಾಲಯವೂ ನಾಲ್ಕು ಜನ ಸಹೋದ್ಯೋಗಿಗಳೂ ಸಿಕ್ಕಿದ್ದರೆ ಇನ್ನೆಷ್ಟು ಕೆಲಸ ಆಗುತ್ತಿತ್ತು ಎಂದೇ ನಾನು ಯೋಚಿಸುತ್ತೇನೆ.

ಎಣ್ಣೆಯ ಗುಣವೂ ಅವರಿಗೆ ನೆರವಾಯಿತು. ಕೆಲವು ಎಣ್ಣೆಗಳ ಅಣುಗಳು ನೀರಿನ ಮೇಲೆ ತಾವಾಗಿಯೇ ಹರಡಿಕೊಂಡು ಒಂದೇ ಅಣುವಿನ ದಪ್ಪಕ್ಕೆ ಬಂದು ನಿಲ್ಲುತ್ತವೆ. ಕಬ್ಬಿಣವೋ ಕ್ರೋಮಿಯಮ್ಮೋ ಹಾಗೆ ನಿಲ್ಲುವುದಿಲ್ಲ, ಅವುಗಳನ್ನು ಆವಿಯಾಗಿಸಿ ಪರಮಾಣು ಪರಮಾಣುವಾಗಿ ಕೂರಿಸಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯದೆ ಸಾಗುವ ಸರಾಸರಿ ದೂರ ಸುಮಾರು 70 ನ್ಯಾನೋಮೀಟರು ಮಾತ್ರ. ಒತ್ತಡವನ್ನು ಅದರ ನೂರು ಕೋಟಿಯಲ್ಲೊಂದು ಭಾಗಕ್ಕೆ ಇಳಿಸಿದರೆ ಆ ದೂರ ಹತ್ತಾರು ಮೀಟರಿಗೆ ಏರುತ್ತದೆ, ಆವಿ ಅಡ್ಡಿಯಿಲ್ಲದೆ ಪದರ ಕೂರಬೇಕಾದ ಗಾಜನ್ನು ತಲುಪುತ್ತದೆ. ಅಷ್ಟು ನಿರ್ವಾತದಲ್ಲಿಯೂ ಅಳಿದುಳಿದ ಅನಿಲದ ಅಣುಗಳು ಶುದ್ಧ ಮೇಲ್ಮೈಯೊಂದನ್ನು ಪೂರ್ತಿ ಮುಚ್ಚಿಬಿಡಲು ಕೆಲವು ಸೆಕೆಂಡು ಸಾಕು. ಇನ್ನೂ ಹತ್ತು ಸಾವಿರ ಪಟ್ಟು ತಗ್ಗಿಸಿದರೆ ಮಾತ್ರ ಮೇಲ್ಮೈ ಗಂಟೆಗಟ್ಟಲೆ ಶುದ್ಧವಾಗಿ ಉಳಿಯುತ್ತದೆ, ಆಗ ಮಾತ್ರ ನಾವು ಅಳೆಯುತ್ತಿರುವುದು ಕಬ್ಬಿಣವನ್ನೇ ಹೊರತು ಅದರ ಮೇಲಿನ ಕೊಳೆಯನ್ನಲ್ಲ ಎಂದು ಹೇಳಬಹುದು.

ಆ ಸ್ಥಿತಿಗೆ ತಲುಪಲು, ಪದರ ಬೆಳೆಸುವ ಸ್ಟೀಲಿನ ನಿರ್ವಾತ ಕೋಣೆಯನ್ನು ತಾಪದ ಪಟ್ಟಿಗಳಿಂದ ಸುತ್ತಿ, ಅಲ್ಯೂಮಿನಿಯಂ ಹಾಳೆಯಿಂದ ಹೊದಿಸಿ, ಒಂದೆರಡು ದಿನ ಕಾಯಿಸಿ ಗೋಡೆಗಳಿಗೆ ಅಂಟಿದ ನೀರಿನ ಅಣುಗಳನ್ನು ಹೊರಹಾಕಬೇಕು. ಒಂದು ಬೋಲ್ಟ್ ಸಡಿಲವಿದ್ದರೆ ಎಲ್ಲವೂ ಮೊದಲಿನಿಂದ. ಎಲ್ಲ ಸರಿಯಿದ್ದ ದಿನ ಕೋಣೆಯ ಪುಟ್ಟ ಕಿಟಕಿಯಲ್ಲಿ ಕಣ್ಣಿಟ್ಟು ನೋಡುವವರಿಗೆ, ಟಂಗ್‌ಸ್ಟನ್ ಸುರುಳಿಯ ಮೇಲಿನ ಅಲ್ಯೂಮಿನಿಯಂ ತುಣುಕು ಕರಗಿ ತಂತಿಯ ಉದ್ದಕ್ಕೂ ಹಬ್ಬುವುದು ಕಾಣುತ್ತದೆ. ಪಕ್ಕದಲ್ಲಿ ಸ್ಫಟಿಕ ಮಾಪಕದ ಅಂಕಿಗಳು ಏರತೊಡಗುತ್ತವೆ. ಮಾಪಕದೊಳಗಿನ ಸ್ಫಟಿಕ ಸೆಕೆಂಡಿಗೆ ಸುಮಾರು 60 ಲಕ್ಷ ಸಲ ಕಂಪಿಸುತ್ತದೆ, ಅದರ ಮೇಲೆ ಲೋಹ ಕೂತು ತೂಕ ಕೂಡಿದಂತೆ ಕಂಪನ ತುಸು ನಿಧಾನವಾಗುತ್ತದೆ, ಆ ವ್ಯತ್ಯಾಸದಿಂದ ದಪ್ಪದ ಲೆಕ್ಕ ಸಿಗುತ್ತದೆ. ನೋಡನೋಡುತ್ತಿದ್ದಂತೆ ಗಾಜಿನ ಚೂರು ಕನ್ನಡಿಯಾಗುತ್ತದೆ. ಎಷ್ಟು ಸಲ ಕಂಡರೂ ನನಗೆ ಆ ಕ್ಷಣ ಹಳತಾಗಿಲ್ಲ.

ಹಣ ಹೋಗುವುದು ಈ ಕೋಣೆಗೆ, ಅದಕ್ಕಿಂತ ಹೆಚ್ಚಾಗಿ ಪದರವನ್ನು ಪರೀಕ್ಷಿಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಎಕ್ಸ್-ರೇ ಉಪಕರಣಗಳಿಗೆ, ಮತ್ತು ಅವುಗಳನ್ನು ಬಲ್ಲ ಜನರಿಗೆ. ಯಂತ್ರ ಕೊಳ್ಳಲು ಉದಾರವಾಗಿ ಹಣ ಕೊಟ್ಟು ಅದನ್ನು ನಡೆಸುವ ತಂತ್ರಜ್ಞರ ಹುದ್ದೆಯನ್ನು ಖಾಲಿ ಬಿಡುವುದು ಈ ಕ್ಷೇತ್ರದ ಅನುದಾನಗಳಲ್ಲಿ ನಾನು ಕಂಡ ಅತಿ ದೊಡ್ಡ ಪೋಲು. ಪಂಪಿನ ಸದ್ದಿನಲ್ಲಿ ಆದ ಸಣ್ಣ ಬದಲಾವಣೆಯಿಂದ ಸೋರಿಕೆಯನ್ನು ಗುರುತಿಸುವ ವ್ಯಕ್ತಿ ಎರಡು ವರ್ಷದ ಯೋಜನೆಯಲ್ಲಿ ತಯಾರಾಗುವುದಿಲ್ಲ.

ಪ್ರಶ್ನೆ: ಜನರ ತೆರಿಗೆಯಿಂದ ನಡೆಯುವ ಈ ಸಂಶೋಧನೆಯಿಂದ ಜನರಿಗೆ ಸಿಕ್ಕಿದ್ದೇನು? ಕೊನೆಗೆ ಲಾಭ ಮಾಡಿಕೊಳ್ಳುವುದು ಕಂಪನಿಗಳೇ ಅಲ್ಲವೇ?

ಉತ್ತರ: ಪ್ರಶ್ನೆ ನ್ಯಾಯವಾದದ್ದು, ಸಂಶೋಧಕರು ಇದಕ್ಕೆ ಸಿಡುಕಬಾರದು. ಎರಡು ಪ್ರಸಂಗಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

1988ರಲ್ಲಿ ಫ್ರಾನ್ಸಿನ ಓರ್ಸೆಯ ವಿಶ್ವವಿದ್ಯಾಲಯದಲ್ಲಿ ಆಲ್ಬೇರ್ ಫೆರ್ ಅವರ ತಂಡವೂ, ಜರ್ಮನಿಯ ಯೂಲಿಶ್‌ನ ಸಾರ್ವಜನಿಕ ಸಂಶೋಧನಾ ಕೇಂದ್ರದಲ್ಲಿ ಪೀಟರ್ ಗ್ರೂನ್‌ಬರ್ಗ್ ಅವರ ತಂಡವೂ, ಪರಸ್ಪರ ಸಂಬಂಧವಿಲ್ಲದೆ, ಒಂದೇ ಸಂಗತಿಯನ್ನು ಕಂಡುಕೊಂಡವು. ಕಬ್ಬಿಣದ ಎರಡು ಪದರಗಳ ನಡುವೆ ಸುಮಾರು ಒಂದು ನ್ಯಾನೋಮೀಟರ್ ದಪ್ಪದ ಕ್ರೋಮಿಯಂ ಇಟ್ಟರೆ ಎರಡರ ಕಾಂತೀಯ ದಿಕ್ಕುಗಳು ವಿರುದ್ಧವಾಗಿ ನಿಲ್ಲುತ್ತವೆ, ಆಗ ವಿದ್ಯುತ್ತಿಗೆ ತಡೆ ಹೆಚ್ಚು. ಹೊರಗಿನ ಕಾಂತಕ್ಷೇತ್ರ ಅವನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ ತಡೆ ಇಳಿಯುತ್ತದೆ. ಅನೇಕ ಪದರಗಳನ್ನು ಪೇರಿಸಿದ್ದ ಫೆರ್ ಅವರ ಮಾದರಿಯಲ್ಲಿ, ಅತಿಶೀತದಲ್ಲಿ, ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಹಾರ್ಡ್ ಡಿಸ್ಕ್ ಮೇಲಿನ ಸಣ್ಣ ಸಣ್ಣ ಕಾಂತೀಯ ಗುರುತುಗಳನ್ನು ಓದಲು ಇಂಥ ಸೂಕ್ಷ್ಮತೆಯೇ ಬೇಕಿತ್ತು, 1997ರ ಹೊತ್ತಿಗೆ ಐಬಿಎಂ ಈ ತತ್ತ್ವದ ಓದುತಲೆಯಿರುವ ಡಿಸ್ಕನ್ನು ಮಾರುಕಟ್ಟೆಗೆ ತಂದಿತು. ಅತಿನಿರ್ವಾತದಲ್ಲಿ ನಿಧಾನವಾಗಿ ಬೆಳೆಸಿದ ದುಬಾರಿ ಪದರಗಳ ಬದಲು ಸ್ಪಟರಿಂಗ್ ಎಂಬ ಅಗ್ಗದ, ವೇಗದ ವಿಧಾನದಲ್ಲಿ ಬೆಳೆಸಿದ ಪದರಗಳೂ ಇದೇ ಗುಣ ತೋರುತ್ತವೆ ಎಂದು ತೋರಿಸಿಕೊಟ್ಟದ್ದು ಆ ಕಂಪನಿಯ ಸ್ಟುವರ್ಟ್ ಪಾರ್ಕಿನ್ ಅವರ ಕೆಲಸ. ಕಂಪನಿಯ ಪಾಲನ್ನು ಅಲ್ಲಗಳೆಯುವುದು ಸರಿಯಲ್ಲ. ಆದರೆ ಡಿಸ್ಕಿನ ವಿಚಾರವೇ ಇಲ್ಲದೆ ಕಬ್ಬಿಣ ಮತ್ತು ಕ್ರೋಮಿಯಂ ಪದರಗಳು ಒಂದರೊಡನೊಂದು ಹೇಗೆ ವರ್ತಿಸುತ್ತವೆ ಎಂದು ವರ್ಷಗಟ್ಟಲೆ ಅಳೆಯುತ್ತ ಕೂರಲು ಸಾರ್ವಜನಿಕ ಹಣ ಅವಕಾಶ ಕೊಟ್ಟಿರದಿದ್ದರೆ, ಅಗ್ಗಗೊಳಿಸಲು ಯಾರ ಕೈಯಲ್ಲೂ ಏನೂ ಇರುತ್ತಿರಲಿಲ್ಲ. ಫೆರ್ ಮತ್ತು ಗ್ರೂನ್‌ಬರ್ಗ್ 2007ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಎರಡನೆಯದು ನೀಲಿ ಎಲ್‌ಇಡಿ. ನೀಲಿ ಬೆಳಕು ಕೊಡಬಲ್ಲ ಗ್ಯಾಲಿಯಂ ನೈಟ್ರೈಡ್ ಪದರವನ್ನು ನೀಲಮಣಿಯ ಮೇಲೆ ಬೆಳೆಸಿದರೆ ಎರಡೂ ಹರಳುಗಳ ಪರಮಾಣುಗಳ ಅಂತರ ಹೊಂದದೆ ಪದರ ಬಿರುಕು, ಗುಳಿಗಳಿಂದ ತುಂಬಿಹೋಗುತ್ತಿತ್ತು. ಬಹಳ ಮಂದಿ ಈ ವಸ್ತುವನ್ನೇ ಕೈಬಿಟ್ಟರು. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಇಸಾಮು ಅಕಸಾಕಿ ಮತ್ತು ಅವರ ವಿದ್ಯಾರ್ಥಿ ಹಿರೋಶಿ ಅಮಾನೋ ಕೈಬಿಡದೆ, 1986ರಲ್ಲಿ ಕಡಿಮೆ ಉಷ್ಣತೆಯಲ್ಲಿ ಬೆಳೆಸಿದ ಅಲ್ಯೂಮಿನಿಯಂ ನೈಟ್ರೈಡಿನ ತೆಳುಪದರವೊಂದನ್ನು ಮಧ್ಯೆ ಹಾಸಿ, ಅದರ ಮೇಲೆ ಕನ್ನಡಿಯಂತೆ ನುಣುಪಾದ ಹರಳನ್ನು ಪಡೆದರು. ನಿಚಿಯಾ ಕಂಪನಿಯಲ್ಲಿದ್ದ ಶೂಜಿ ನಕಾಮುರಾ ತಮ್ಮದೇ ದಾರಿಯಲ್ಲಿ ಮುಂದುವರಿದು 1993ರಲ್ಲಿ ಪ್ರಖರ ನೀಲಿ ಎಲ್‌ಇಡಿಯನ್ನು ಹೊರತಂದರು. ಇಂದು ನಾವು ಹಚ್ಚುವ ಬಿಳಿ ಎಲ್‌ಇಡಿ ದೀಪಗಳ ಒಳಗೆ ಉರಿಯುವುದು ಸಾಮಾನ್ಯವಾಗಿ ಈ ನೀಲಿ ಬೆಳಕೇ, ಅದರ ಒಂದು ಪಾಲನ್ನು ಮೇಲಿನ ಫಾಸ್ಫರ್ ಎಂಬ ಹೊಳೆಯುವ ವಸ್ತುವಿನ ಲೇಪ ಹಳದಿಯಾಗಿಸುತ್ತದೆ. ಮೂವರಿಗೂ 2014ರಲ್ಲಿ ನೊಬೆಲ್ ಬಂತು. ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಮಾತೆಂದರೆ, ನಗೋಯಾ ವಿಶ್ವವಿದ್ಯಾಲಯ ಈ ಪೇಟೆಂಟುಗಳ ರಾಯಧನದಿಂದ 2006ರಲ್ಲಿ ಅಕಸಾಕಿ ಅವರ ಹೆಸರಿನ ಸಂಶೋಧನಾ ಕಟ್ಟಡವನ್ನೇ ಕಟ್ಟಿಸಿತು. ಸಾರ್ವಜನಿಕ ಸಂಸ್ಥೆ ಪೇಟೆಂಟನ್ನು ಕಾಳಜಿಯಿಂದ ನೋಡಿಕೊಂಡರೆ ಒಂದಿಷ್ಟು ಹಣ ಮರಳಿ ಬರುತ್ತದೆ. ನೋಡಿಕೊಳ್ಳದಿದ್ದರೆ ನೀವು ಹೇಳಿದಂತೆಯೇ ಆಗುತ್ತದೆ.

ಕೈಗೂಡದ ಭರವಸೆಗಳೂ ಇವೆ. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅಂಟುಪಟ್ಟಿಯಿಂದ ಗ್ರಾಫೈಟನ್ನು ಸುಲಿದು ಒಂದೇ ಪರಮಾಣು ದಪ್ಪದ ಗ್ರಾಫೀನನ್ನು ಬೇರ್ಪಡಿಸಿದ ಮೇಲೆ, ಅದು ಚಿಪ್‌ಗಳಲ್ಲಿ ಸಿಲಿಕಾನಿನ ಜಾಗ ಹಿಡಿಯುತ್ತದೆ ಎಂಬ ಮಾತು ಎಲ್ಲೆಡೆ ಹಬ್ಬಿತು. ಐರೋಪ್ಯ ಒಕ್ಕೂಟ 2013ರಲ್ಲಿ ಹತ್ತು ವರ್ಷಗಳ, 100 ಕೋಟಿ ಯೂರೋಗಳ ಗ್ರಾಫೀನ್ ಯೋಜನೆಯನ್ನು ಆರಂಭಿಸಿತು. ಆದರೆ ಸ್ವಿಚ್ಚಿನಂತೆ ಕೆಲಸ ಮಾಡಲು ಅರೆವಾಹಕದಲ್ಲಿ ಇರಬೇಕಾದ ಶಕ್ತಿಯ ಅಂತರ ಗ್ರಾಫೀನಿನಲ್ಲಿ ಸಹಜವಾಗಿ ಇಲ್ಲ, ಹಾಗಾಗಿ ಅದರಲ್ಲಿ ವಿದ್ಯುತ್ತನ್ನು ಪೂರ್ತಿ ನಿಲ್ಲಿಸುವುದು ಕಷ್ಟ. ಭೌತವಿಜ್ಞಾನಿಗಳಿಗೆ ಇದು ಮೊದಲಿನಿಂದಲೂ ಗೊತ್ತಿತ್ತು. ಗ್ರಾಫೀನಿನ ಅಧ್ಯಯನ ತಪ್ಪಲ್ಲ, ಅದರಿಂದ ಕಲಿತದ್ದು ಅಪಾರ. ಗೊತ್ತಿದ್ದ ಮಿತಿಯನ್ನು ಸಣ್ಣ ದನಿಯಲ್ಲಿ ಹೇಳಿ ಭರವಸೆಯನ್ನು ದೊಡ್ಡ ದನಿಯಲ್ಲಿ ಹೇಳಿದ್ದು ತಪ್ಪು. ಹಣ ಕೊಟ್ಟ ಜನರಿಗೆ ಎರಡೂ ಒಂದೇ ದನಿಯಲ್ಲಿ ಕೇಳಿಸಬೇಕಿತ್ತು.

ಪ್ರಶ್ನೆ: ನ್ಯಾನೋವಸ್ತುಗಳು ಆರೋಗ್ಯಕ್ಕೆ ಹಾನಿಕರವೇ?

ಉತ್ತರ: ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಲೆನ್ಸಿಗೆ ಭದ್ರವಾಗಿ ಅಂಟಿಕೊಂಡ ಪದರ ಉಸಿರಿನೊಡನೆ ಒಳಹೋಗುವುದಿಲ್ಲ, ಹಾರುವ ಪುಡಿ ಹೋಗುತ್ತದೆ. ಉದ್ದನೆಯ, ಗಡುಸಾದ ಬಹುಗೋಡೆಯ ಇಂಗಾಲದ ನಳಿಕೆಗಳು ಇಲಿಗಳ ದೇಹದಲ್ಲಿ ಕಲ್ನಾರನ್ನು ಹೋಲುವ ಉರಿಯೂತ ಉಂಟುಮಾಡುತ್ತವೆ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಂಥ ನಳಿಕೆಗಳ ಒಂದು ನಿರ್ದಿಷ್ಟ ಬಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯಿರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಆಹಾರಕ್ಕೆ ಬಿಳುಪು ಕೊಡಲು ಬಳಸುತ್ತಿದ್ದ, ನ್ಯಾನೋ ಗಾತ್ರದ ಕಣಗಳೂ ಇರುವ ಟೈಟೇನಿಯಂ ಡೈಆಕ್ಸೈಡನ್ನು ಐರೋಪ್ಯ ಒಕ್ಕೂಟ 2022ರಲ್ಲಿ ಆಹಾರದಲ್ಲಿ ನಿಷೇಧಿಸಿತು. ಇಂಥ ಪರೀಕ್ಷೆಗಳ ಖರ್ಚನ್ನು ಸಾರ್ವಜನಿಕ ಹಣವೇ ಹೊರಬೇಕು ಎಂದು ನಾನು ದೃಢವಾಗಿ ನಂಬಿದ್ದೇನೆ, ವಸ್ತುವನ್ನು ಮಾರುವವರೇ ಅದರ ಅಪಾಯವನ್ನು ಹುಡುಕಲಿ ಎಂದು ಬಿಟ್ಟು ಕೂರಲಾಗದು.

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿ. ಪ್ರಕಟಿತ ಲೇಖನದಲ್ಲಿ ಹೇಳಿದ ಕ್ರಮವನ್ನೇ ಅಕ್ಷರಶಃ ಅನುಸರಿಸಿದರೂ ನನ್ನ ಪದರಗಳಲ್ಲಿ ಆ ಫಲಿತಾಂಶ ಬರುತ್ತಿಲ್ಲ. ಎಂಟು ತಿಂಗಳಾಯಿತು. ತಪ್ಪು ನನ್ನದೇ?

ಉತ್ತರ: ಇರಬಹುದು, ಇಲ್ಲದಿರಲೂಬಹುದು. ಎರಡನ್ನೂ ಶಾಂತವಾಗಿ ಪರಿಶೀಲಿಸಿ. ನಾನು ವಿದ್ಯಾರ್ಥಿಯಾಗಿದ್ದಾಗ ಮೂರು ತಿಂಗಳ ಕಾಲ ನನ್ನ ಪದರಗಳು ಸಿಪ್ಪೆಯಂತೆ ಏಳುತ್ತಿದ್ದವು. ಉಷ್ಣತೆ ಬದಲಿಸಿದೆ, ವೇಗ ಬದಲಿಸಿದೆ, ಲೋಹವನ್ನೇ ಬದಲಿಸಿದೆ. ಕೊನೆಗೆ ಕಾರಣ ಸಿಕ್ಕಿದ್ದು ಗಾಜು ತೊಳೆಯುವ ಅಸಿಟೋನಿನಲ್ಲಿ. ಅದನ್ನು ಪ್ಲಾಸ್ಟಿಕ್ ಸೀಸೆಯಲ್ಲಿ ತುಂಬಿಡುತ್ತಿದ್ದೆವು, ಅಸಿಟೋನು ಸೀಸೆಯಿಂದ ಎಳೆದುಕೊಂಡ ಅಂಶ ಗಾಜಿನ ಮೇಲೆ ಕಾಣದ ಪೊರೆಯಾಗಿ ಒಣಗುತ್ತಿತ್ತು. ಯಾವ ಲೇಖನದಲ್ಲೂ ಸೀಸೆಯ ಮಾತು ಬರುವುದಿಲ್ಲ.

ತಪ್ಪು ಲೇಖನದಲ್ಲಿಯೇ ಇದ್ದ ಉದಾಹರಣೆಯೂ ಇದೆ. 2000ದ ಆಸುಪಾಸಿನಲ್ಲಿ ಹೆಸರಾಂತ ಖಾಸಗಿ ಪ್ರಯೋಗಾಲಯವೊಂದರಿಂದ, ಸಾವಯವ ಹರಳುಗಳ ಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ತೆಳುಪದರ ಕೂರಿಸಿ ಪಡೆದದ್ದೆಂದು ಹೇಳಿದ ಬೆರಗುಗೊಳಿಸುವ ಫಲಿತಾಂಶಗಳು ಒಂದರ ಹಿಂದೊಂದರಂತೆ ಹೊರಬಂದವು. ಅವನ್ನು ಮರಳಿ ಪಡೆಯಲು ಹಲವು ಪ್ರಯೋಗಾಲಯಗಳ ವಿದ್ಯಾರ್ಥಿಗಳು ನಿಮ್ಮಂತೆಯೇ ಸೋತು ತಮ್ಮನ್ನೇ ದೂಷಿಸಿಕೊಂಡರು. ಬೇರೆ ಬೇರೆ ಪ್ರಯೋಗಗಳ ರೇಖಾಚಿತ್ರಗಳಲ್ಲಿ ಗದ್ದಲದ ಗೆರೆಗಳು, ಅಂದರೆ ಪ್ರತಿ ಅಳತೆಯಲ್ಲೂ ಬೇರೆ ಬೇರೆಯಾಗಿ ಬರಬೇಕಾದ ಗೊತ್ತುಗುರಿಯಿಲ್ಲದ ಏರಿಳಿತಗಳು ಕೂಡ, ಒಂದೇ ತೆರನಾಗಿದ್ದುದನ್ನು ಕೆಲವರು ಗಮನಿಸಿದ ಮೇಲೆ ತನಿಖೆ ನಡೆದು, 2002ರಲ್ಲಿ ದತ್ತಾಂಶ ಸೃಷ್ಟಿಸಿದ್ದು ಸಾಬೀತಾಯಿತು.

ಆದ್ದರಿಂದ ಮೊದಲು ಲೇಖಕರಿಗೆ ಪತ್ರ ಬರೆದು, ಪದರ ಕೂರಿಸುವ ಮುನ್ನ ಕೋಣೆಯ ಒತ್ತಡ ಎಷ್ಟಿತ್ತು, ಗಾಜನ್ನು ಯಾವುದರಿಂದ ತೊಳೆದು ಹೇಗೆ ಒಣಗಿಸಿದರು, ಮೂಲವಸ್ತು ಎಷ್ಟು ಶುದ್ಧವಾಗಿತ್ತು ಎಂದು ಕೇಳಿ. ಸಾಧ್ಯವಾದರೆ ಅವರ ಮಾದರಿಯ ಒಂದು ಚೂರನ್ನು ಕಳುಹಿಸಲು ವಿನಂತಿಸಿ, ಅದನ್ನು ನಿಮ್ಮ ಉಪಕರಣದಲ್ಲಿಯೇ ಅಳೆಯಿರಿ. ಅಲ್ಲಿ ಅವರ ಅಂಕಿಯೇ ಬಂದರೆ ನಿಮ್ಮ ಅಳತೆ ಸರಿಯಿದೆ, ತೊಡಕು ಬೆಳೆಸುವ ಹಂತದಲ್ಲಿದೆ. ನಿಮ್ಮ ಸೋತ ಎಂಟು ತಿಂಗಳ ಪದರಗಳಲ್ಲಿ ಒಂದನ್ನೂ ಎಸೆಯಬೇಡಿ. ದಿನಾಂಕ ಬರೆದು, ಪ್ರತಿಯೊಂದರಿಂದಲೂ ಅಳತೆಗೆ ಬಳಸದ ಒಂದು ಚೂರನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಎತ್ತಿಡಿ. ಲೇಖಕರ ಉತ್ತರ ಬಂದ ದಿನ ಮೊದಲು ಬೇಕಾಗುವುದು ಆ ಡಬ್ಬಿ.