ಎನ್‌.ಡಬ್ಲ್ಯೂ.ಎ. ಹಾಡುಗಳಲ್ಲಿ ನಿಜವಾಗ್ಲೂ ಏನಾದ್ರೂ ನೀತಿ ಇದ್ಯಾ, ಇಲ್ಲಾ ಬರೀ ಬೈಗುಳನಾ?

ಇದೆ, ಆದ್ರೆ ಎಲ್ಲಾ ಹಾಡಲ್ಲೂ ಇಲ್ಲ. ಇವ್ರು ಅಮೆರಿಕದ ಕ್ಯಾಲಿಫೋರ್ನಿಯಾದ ಕಾಂಪ್ಟನ್ ಊರಿನ ಕಪ್ಪು ಹುಡುಗ್ರ ರಾಪ್ ತಂಡ, 1988ರ ಆಲ್ಬಮ್‌ನಲ್ಲಿ ಪೊಲೀಸರ ಮೇಲೆ ಒಂದು ಹಾಡಿದೆಯಲ್ಲ, ಅದನ್ನ ಪೂರ್ತಿ ಕೇಳಿ, ಅದು ಕೋರ್ಟ್ ಸೀನ್ ಥರ ಇದೆ, ಜಡ್ಜ್ ಆಗಿರೋದು ತಂಡದ ಡಾಕ್ಟರ್ ಡ್ರೇ, ಸಾಕ್ಷಿ ಹೇಳೋರು ತಂಡದವ್ರೇ ಆದ ಐಸ್ ಕ್ಯೂಬ್, ರೆನ್, ಈಜಿ-ಈ, ಕೊನೇಲಿ ತಪ್ಪಿತಸ್ಥ ಅನ್ನಿಸ್ಕೊಳ್ಳೋದು ಪೊಲೀಸು. ಮೈಬಣ್ಣ ನೋಡಿ ಹುಡುಗ್ರನ್ನ ನಿಲ್ಸಿ ತಡಕಾಡ್ತಾರೆ ಅನ್ನೋದೇ ಅವ್ರ ದೂರು. ಬೈಗುಳ ತೆಗೆದ್ರೂ ಆ ದೂರು ಹಾಗೇ ಉಳಿಯುತ್ತೆ. 1989ರಲ್ಲಿ ಎಫ್‌ಬಿಐ ಅಧಿಕಾರಿಯೊಬ್ರು ಇದು ಹಿಂಸೆಗೆ ಕುಮ್ಮಕ್ಕು ಅಂತ ರೆಕಾರ್ಡ್ ಕಂಪನಿಗೆ ಪತ್ರ ಬರೆದ್ರು. ಎರಡೇ ವರ್ಷಕ್ಕೆ, 1991ರಲ್ಲಿ, ಲಾಸ್ ಏಂಜಲೀಸ್ ಪೊಲೀಸ್ರು ಕಪ್ಪು ಜನಾಂಗದ ರಾಡ್ನಿ ಕಿಂಗ್‌ನ ಹೊಡೆದ ವಿಡಿಯೋ ಬಂತು, ಇವ್ರು ಹೇಳಿದ್ದು ಕಟ್ಟುಕಥೆ ಅಲ್ಲ ಅಂತ ಊರಿಗೆಲ್ಲಾ ಗೊತ್ತಾಯ್ತು.

ಹೆಂಗಸ್ರ ವಿಷ್ಯಕ್ಕೆ ಬಂದ್ರೆ ಮಾತ್ರ ನಾನು ಇವ್ರ ಪರ ನಿಲ್ಲಲ್ಲ. ಆ ಸಾಲುಗಳಲ್ಲಿ ಯಾವ ನ್ಯಾಯವೂ ಇಲ್ಲ, 1991ರಲ್ಲೇ ಡ್ರೇ ಟಿವಿ ನಿರೂಪಕಿ ಡೀ ಬಾರ್ನ್ಸ್ ಮೇಲೆ ಕೈ ಮಾಡಿದ್ದು ಅಂತೂ ಕೇಳಿದ್ರೆ ಸಂಕಟ ಆಗುತ್ತೆ. ಅದಕ್ಕೇ ನಾನು ಪೊಲೀಸ್ ಹಾಡನ್ನ ಗೌರವದಿಂದ ಕೇಳ್ತೀನಿ, ಹೆಂಗಸ್ರನ್ನ ಹೀನಾಯವಾಗಿ ಹಾಡಿರೋದನ್ನ ಹಾಕೋದೇ ಇಲ್ಲ.