ಅಮ್ಮನನ್ನು ಸೇರಿಸುವ ಮುಂಚೆ ವೃದ್ಧಾಶ್ರಮದಲ್ಲಿ ಏನೇನು ನೋಡಬೇಕು?

ಕಟ್ಟಡ, ತೋಟ, ದೇವರಮನೆ ಆಮೇಲೆ ನೋಡಿ. ಮೊದಲು ಅಲ್ಲಿನ ಆಯಾಗಳನ್ನು ಮಾತಾಡಿಸಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ, ವಾರದ ರಜೆ ಸಿಗುತ್ತಾ, ಸಂಬಳ ಸರಿಯಾಗಿ ಬರುತ್ತಾ ಅಂತ ಕೇಳಿ.

ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. 12 ಗಂಟೆ ದುಡಿಯುವ ಒಬ್ಬಳೇ ಆಯಾ ಇಪ್ಪತ್ತು ಜನರಿಗೆ ಇದನ್ನೆಲ್ಲ ಮಾಡಲು ಆಗುತ್ತದೆಯೇ? ಡೈಪರ್ ಬದಲಿಸುವುದು ತಡವಾಗುತ್ತದೆ, ನೀರು ಕುಡಿಸುವುದು ಮರೆತೇ ಹೋಗುತ್ತದೆ. ಸುಮ್ನೆ ಅವಳನ್ನು ಬೈದು ಏನು ಪ್ರಯೋಜನ, ಅಲ್ವಾ? ಜನ ಇಟ್ಟುಕೊಳ್ಳದ ಮಾಲೀಕರನ್ನು ಕೇಳಬೇಕು.

ಆಯಾಗಳು ಪದೇ ಪದೇ ಕೆಲಸ ಬಿಡುವ ಕಡೆ ನಾನಂತೂ ಸೇರಿಸಲ್ಲ. ಒಮ್ಮೆ ಹೇಳದೆ ಕೇಳದೆ ಊಟದ ಹೊತ್ತಿಗೆ ಹೋಗಿ ನೋಡಿ. ದೂರು ಇದ್ದರೆ ಹಿರಿಯರ ಸಹಾಯವಾಣಿ 14567 ಇದೆ, ಕರೆ ಉಚಿತ.