ಅಕ್ಕನ ಕುಂಕುಮದ ಮೇಲೆ ಯಾಕಿಷ್ಟು ಕಣ್ಣು?

(ಗುಬ್ಬಿ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ಭಾವ ಮನೆ ಬಿಟ್ಟು ಹೋಗಿ ಒಂಬತ್ತು ವರ್ಷ, ಸುದ್ದಿಯಿಲ್ಲ. ಅವರ ಮಗಳ ಮದುವೆ ಗೊತ್ತಾಗಿದೆ. ಅಕ್ಕ ಇನ್ನೂ ಕುಂಕುಮ ಇಡುತ್ತಾರೆಂದು ನಂಟರು ಆಡಿಕೊಳ್ಳುತ್ತಾರೆ. ಈ ಪಿತೃಪಕ್ಷದಲ್ಲಿ ಭಾವನಿಗೂ ಎಡೆ ಇಟ್ಟು ಮುಗಿಸಿಬಿಡೋಣ ಅಂದರೆ ಅಕ್ಕ ಮಾತೇ ಬಿಟ್ಟಿದ್ದಾರೆ. ಹೇಗೆ ತಿಳಿಹೇಳಲಿ?)

ಅಕ್ಕನ ಸಂಸಾರವನ್ನು ಇಷ್ಟು ವರ್ಷ ಹೆಗಲ ಮೇಲೆ ಹೊತ್ತ ತಮ್ಮ ನೀವು. ಆ ಗೌರವದಿಂದಲೇ ಬೈಯುವ ಸಲುಗೆ ತೆಗೆದುಕೊಳ್ಳುತ್ತೇನೆ. ತಿಳಿಹೇಳಬೇಕಾದ್ದು ಅಕ್ಕನಿಗಲ್ಲ, ನಂಟರಿಗೆ.

ಹಿರಿಯರ ಮಾತಿನಲ್ಲಿ ಹುರುಳಿಲ್ಲ ಅನ್ನಲಾರೆ. ಸತ್ತ ತಿಥಿ ಗೊತ್ತಿಲ್ಲದವರಿಗೂ ಮಹಾಲಯ ಅಮಾವಾಸ್ಯೆ ಇದೆ. ಹನ್ನೆರಡು ವರ್ಷ ಕಾದು ದರ್ಭೆಯ ಆಕೃತಿ ಮಾಡಿ ಸುಡುವ ಪದ್ಧತಿಯೂ ಇದೆ. ಒಪ್ಪಿದೆ. ಆದರೆ ಶಾಸ್ತ್ರಕ್ಕಿರುವ ತಾಳ್ಮೆ ನಿಮ್ಮ ನಂಟರಿಗೆ ಒಂಬತ್ತಕ್ಕೇ ತಪ್ಪಿಹೋಯಿತಲ್ಲ!

ಅಮೆರಿಕದ ಪಾಲಿನ್ ಬಾಸ್ ಎಂಬ ಸಂಶೋಧಕಿ 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಮನೆಯವರನ್ನು ಅಧ್ಯಯನ ಮಾಡಿದರು. ಇಂಥ ದುಃಖ ಮುಗಿಯದಿರುವುದು ಕಾಯುವವರ ದೌರ್ಬಲ್ಯವಲ್ಲ, ಪರಿಸ್ಥಿತಿಯದೇ ದೋಷ ಎಂಬುದು ಅವರು ಕಂಡುಕೊಂಡದ್ದು. ಇದ್ದಾನೇನೋ, ಇಲ್ಲವೇನೋ ಎಂಬ ಎರಡನ್ನೂ ಒಟ್ಟಿಗೇ ಮನಸ್ಸಿನಲ್ಲಿಟ್ಟುಕೊಂಡು ಬಾಳಬಹುದಂತೆ. ನಮ್ಮ ವಾಯುಪಡೆಯ ಎಎನ್-32 ವಿಮಾನ 2016ರ ಜುಲೈಯಲ್ಲಿ 29 ಮಂದಿಯೊಂದಿಗೆ ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ಅದರ ಅವಶೇಷ ಸಮುದ್ರದ ತಳದಲ್ಲಿದೆ ಎಂಬ ಸುದ್ದಿ ಬಂದದ್ದು 2024ರ ಜನವರಿಯಲ್ಲಿ. ಅಲ್ಲಿಯವರೆಗೆ ಬಾಗಿಲು ನೋಡಿದವರನ್ನು ಹುಚ್ಚರು ಅನ್ನುತ್ತೀರಾ?

ತುಮಕೂರಿನ ಚಿಕ್ಕಪೇಟೆಯ ಪ್ರೆಸ್ಸೊಂದರಲ್ಲಿ ಕೂತಿದ್ದಾಗ ಮಗಳ ಲಗ್ನಪತ್ರಿಕೆಯ ಕರಡು ನೋಡಲು ತಾಯಿಯೊಬ್ಬರು ಬಂದರು. ಸುಖಾಗಮನ ಬಯಸುವವರ ಸಾಲಿನಲ್ಲಿ ಕಾಣೆಯಾದ ಹಿರಿಮಗನ ಹೆಸರು. ಸಂಗತಿ ಗೊತ್ತಿದ್ದ ಹುಡುಗ ಕಂಪ್ಯೂಟರಿನಿಂದ ತಲೆಯೆತ್ತದೆ, "ದಿವಂಗತ ಹಾಕ್ಲಾ ಅಮ್ಮಾ?" ಅಂದ. ಆಕೆ ಸೆರಗಿನ ತುದಿಯಲ್ಲಿ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. "ಶ್ರೀ ಅಂತ್ಲೇ ಇರ್ಲಪ್ಪ. ಎಷ್ಟಾಯ್ತು ದುಡ್ಡು?"

ಇನ್ನು ಸರ್ಕಾರದ ಕಥೆ. ಏಳು ವರ್ಷ ಸುದ್ದಿಯಿಲ್ಲದವರನ್ನು ಸತ್ತರೆಂದು ಭಾವಿಸಲು 1872ರ ಸಾಕ್ಷ್ಯ ಕಾಯ್ದೆಯಲ್ಲೇ ದಾರಿಯಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಆದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಹೋದರೆ ಗುಮಾಸ್ತರು ಕೇಳುವುದು ಮರಣ ಪತ್ರ. ಅದಕ್ಕೆ ಕೋರ್ಟಿನ ಡಿಕ್ರಿಗಾಗಿ ಅಲೆಯಬೇಕು. ಆರತಿ ತಟ್ಟೆ ಮುಟ್ಟಬೇಡ ಅನ್ನುವಾಗ ಅವಳು ವಿಧವೆ. ವಿಧವಾ ವೇತನ ಕೇಳಿದರೆ ಮಾತ್ರ ಗಂಡ ಸತ್ತದ್ದಕ್ಕೆ ದಾಖಲೆ ಎಲ್ಲಿ ಅನ್ನುತ್ತಾರೆ!

ಜಮೀನು ಭಾವನ ಹೆಸರಿನಲ್ಲಿದ್ದರೆ ಅಕ್ಕನನ್ನು ಒಪ್ಪಿಸಿ ಕೋರ್ಟಿಗೆ ಹೋಗಿ. ಹೆಂಗಸರಿಗೆ ವರಮಾನ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಅದು ಕಾಗದದ ಕೆಲಸ, ಅದಕ್ಕೂ ಕುಂಕುಮಕ್ಕೂ ಗಂಟು ಹಾಕಬೇಡಿ. ಧಾರೆಯನ್ನು ನೀವು ದಂಪತಿ ಎರೆಯಿರಿ, ಆರತಿ ಅಕ್ಕನೇ ಎತ್ತಲಿ. ಆಡಿಕೊಳ್ಳುವ ನಂಟರಲ್ಲಿ ಭಾವನನ್ನು ಹುಡುಕಿಕೊಂಡು ಒಂದು ಸಲವಾದರೂ ಬಸ್ಸು ಹತ್ತಿದವರು ಯಾರಿದ್ದಾರೆ, ಚಪ್ಪರದ ಕೆಳಗೇ ಕೇಳಿ ನೋಡಿ.

– ಸಂಪಾದಕ